ಉಪಗ್ರಹದ ಜಾಗವನ್ನು ಉಪಗ್ರಹಕ್ಕೆ ಹೇಳುವವರು ಯಾರು? ಒಂದು ಅಭ್ಯಾಸ ಪಾಠದ ಅನುಭವ

ತರಗತಿ: 9, ಕನ್ನಡ ಮಾಧ್ಯಮ
ವಿಷಯ: ವಿಜ್ಞಾನ
ಘಟಕ: ಗುರುತ್ವಾಕರ್ಷಣೆ (ಚಲನೆ ಮತ್ತು ಶಬ್ದ ಘಟಕಗಳ ಪೂರ್ವಜ್ಞಾನದೊಂದಿಗೆ)
ಸ್ಥಳ: ಸದಾಶಿವಗಡದ ಒಂದು ಪ್ರೌಢಶಾಲೆ
ಯೋಜಿಸಿದ ಅವಧಿ: 1. ತೆಗೆದುಕೊಂಡ ಅವಧಿ: 4

ಅಭ್ಯಾಸ ಬೋಧನೆಯ ಮೂರನೇ ವಾರದ ಪಾಠವಿದು. ಪಾಠ ಯೋಜನೆಯಲ್ಲಿ ನಾನು ಬರೆದುಕೊಂಡದ್ದು ಸರಳವಾಗಿತ್ತು. ಭೂಮಿಯ ಗುರುತ್ವ ಬಲದಿಂದ ಉಪಗ್ರಹ ಕಕ್ಷೆಯಲ್ಲಿ ಸುತ್ತುತ್ತದೆ, ಅದರ ಉಪಯೋಗಗಳಲ್ಲಿ ಸ್ಥಾನ ತಿಳಿಸುವುದೂ ಒಂದು, ಅಷ್ಟೇ. ಆ ಕೊನೆಯ ಸಾಲಿಗೆ ಐದು ನಿಮಿಷ ಇಟ್ಟುಕೊಂಡಿದ್ದೆ. ಪಾಠ ಎಡವಿದ್ದು ಅಲ್ಲೇ.

ಪೀಠಿಕೆ ಮತ್ತು ನಾನು ಕೊಟ್ಟ ತಪ್ಪು ಉತ್ತರ

ಪೀಠಿಕೆಗೆ ದೂರ ಹೋಗಬೇಕಾಗಿರಲಿಲ್ಲ. ಸದಾಶಿವಗಡದ ಗುಡ್ಡದ ಮೇಲೆ ನಿಂತರೆ ಒಂದು ಕಡೆ ಕಾಳಿ ನದಿ ಸಮುದ್ರ ಸೇರುವ ಅಳಿವೆ, ಎದುರಿಗೆ ಕಾರವಾರ, ಸಮುದ್ರದಲ್ಲಿ ದೇವಗಡ ದ್ವೀಪದ ದೀಪಸ್ತಂಭ ಕಾಣುತ್ತದೆ. ರಾತ್ರಿ ದೋಣಿಯಲ್ಲಿರುವವರಿಗೆ ಆ ದೀಪದಿಂದ ಏನು ತಿಳಿಯುತ್ತದೆ ಎಂದು ಕೇಳಿದೆ. ತರಗತಿಯ ಅರ್ಧದಷ್ಟು ಮಕ್ಕಳು ಮೀನುಗಾರರ ಮನೆಯವರು. ಈ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಗೊತ್ತಿದ್ದವರು. ದೀಪ ಒಂದು ಕಡೆ, ಗುಡ್ಡದ ತುದಿ ಇನ್ನೊಂದು ಕಡೆ, ಎರಡೂ ಗುರುತು ಕಂಡರೆ ನಾವು ಎಲ್ಲಿದ್ದೇವೆ ಎಂದು ಅಂದಾಜು ಸಿಗುತ್ತದೆ ಎಂದರು. ಈಗ ಹಾಗೆ ಯಾರೂ ನೋಡುವುದಿಲ್ಲ, ಜಿಪಿಎಸ್ ಇದೆ ಎಂದೂ ಸೇರಿಸಿದರು.

ಅಲ್ಲಿಂದ ನಾನು ಜಿಪಿಎಸ್‌ಗೆ ಬಂದೆ. ಉಪಗ್ರಹ ರೇಡಿಯೊ ಸಂಕೇತ ಕಳಿಸುತ್ತದೆ, ಅದು ನಮ್ಮನ್ನು ತಲುಪಲು ಎಷ್ಟು ಸಮಯ ಬೇಕಾಯಿತು ಎಂದು ಗೊತ್ತಾದರೆ ಬೆಳಕಿನ ವೇಗದಿಂದ ಗುಣಿಸಿ ದೂರ ತಿಳಿಯಬಹುದು, ಮೂರು ನಾಲ್ಕು ಉಪಗ್ರಹಗಳಿಂದ ದೂರ ತಿಳಿದರೆ ನಮ್ಮ ಸ್ಥಾನ ಸಿಗುತ್ತದೆ. ಕಪ್ಪುಹಲಗೆಯ ಮೇಲೆ ಮೂರು ವೃತ್ತ ಬರೆದೆ. ಮೂರೂ ಒಂದೇ ಬಿಂದುವಿನಲ್ಲಿ ಸೇರಿದವು. ಕಪ್ಪುಹಲಗೆಯಲ್ಲಿ ಯಾವಾಗಲೂ ಸೇರುತ್ತವೆ.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. ಅವನ ತಂದೆ ಬೈತಖೋಲದಿಂದ ಹೋಗುವ ಬೋಟಿನಲ್ಲಿ ದುಡಿಯುತ್ತಾರೆ. "ಟೀಚರ್, ದೀಪ ಒಂದೇ ಕಡೆ ಇರ್ತದೆ. ಸ್ಯಾಟಲೈಟ್ ತಿರುಗ್ತಾ ಇರ್ತದೆ. ಅದು ಎಲ್ಲಿದೆ ಅಂತ ಅದಕ್ಕೆ ಯಾರು ಹೇಳೋದು?"

ನಾನು ಹೇಳಿದ್ದು ಇದು: "ವಿಜ್ಞಾನಿಗಳು ಅದನ್ನು ನಿರ್ದಿಷ್ಟ ಕಕ್ಷೆಯಲ್ಲಿ ಇಟ್ಟಿರುತ್ತಾರೆ, ಹಾಗಾಗಿ ಅದು ಎಲ್ಲಿದೆ ಎಂದು ಮೊದಲೇ ಗೊತ್ತಿರುತ್ತದೆ." ಹುಡುಗ ಕೂತುಕೊಂಡ. ಕೆಲವರು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಗಂಟೆ ಬಾರಿಸಿತು.

ಪಾಠ ವೀಕ್ಷಿಸಿದ ಪರಿವೀಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಪೀಠಿಕೆ ಚೆನ್ನಾಗಿದೆ, ಧ್ವನಿ ಸ್ಪಷ್ಟವಾಗಿದೆ ಎಂದು ಬರೆದು, ಕೆಳಗೆ ಒಂದೇ ಸಾಲು ಸೇರಿಸಿದ್ದರು: "ಕೊನೆಯ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಪರಿಶೀಲಿಸಿಕೊಳ್ಳಿ."

ಆ ರಾತ್ರಿ ಒಂದು ಲೆಕ್ಕ ಮಾಡಿದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಸುಮಾರು 3.9 ಕಿ.ಮೀ. ಜವದಿಂದ ಓಡುತ್ತವೆ. ನೆತ್ತಿಯ ಮೇಲಿರುವ ಉಪಗ್ರಹದಿಂದ ಸಂಕೇತ ಇಳಿದು ಬರಲು 20,200 ಭಾಗಿಸು 3,00,000, ಅಂದರೆ ಸುಮಾರು 0.067 ಸೆಕೆಂಡು. ಅಷ್ಟರಲ್ಲಿ ಉಪಗ್ರಹ ಸುಮಾರು 260 ಮೀಟರ್ ಮುಂದೆ ಹೋಗಿರುತ್ತದೆ. ಇನ್ನು 'ಇಟ್ಟ ಕಕ್ಷೆ'ಯ ಮಾತು. ಸೂರ್ಯನ ಬೆಳಕು ಉಪಗ್ರಹದ ಮೇಲೆ ಬಿದ್ದಾಗ ಅದನ್ನು ಅತಿ ಮೆಲ್ಲಗೆ ತಳ್ಳುತ್ತದೆ. ಇದರಿಂದ ಜಿಪಿಎಸ್ ಉಪಗ್ರಹಕ್ಕೆ ಸಿಗುವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಮೀಟರಿನ ಒಂದು ಕೋಟಿಯ ಒಂದು ಭಾಗದಷ್ಟು. ಮಕ್ಕಳಿಗೆ ಗೊತ್ತಿರುವ ಚಲನೆಯ ಎರಡನೇ ಸಮೀಕರಣದಲ್ಲಿ ಇದನ್ನು ಹಾಕಿ, ಸಮಯವನ್ನು ಒಂದು ದಿನ, ಅಂದರೆ 86,400 ಸೆಕೆಂಡು ಎಂದುಕೊಂಡರೆ ಸ್ಥಾನಪಲ್ಲಟ ಸುಮಾರು 370 ಮೀಟರ್ ಬರುತ್ತದೆ. ಕಕ್ಷೆಯಲ್ಲಿ ಈ ತಳ್ಳುವಿಕೆಯ ದಿಕ್ಕು ಬದಲಾಗುತ್ತಿರುವುದರಿಂದ ನಿಜವಾದ ಲೆಕ್ಕ ಇಷ್ಟು ನೇರವಲ್ಲ. ಆದರೂ ಬೆಳಕಿನಷ್ಟು ಹಗುರವಾದದ್ದನ್ನೂ ಕಡೆಗಣಿಸುವಂತಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಚಂದ್ರ, ಸೂರ್ಯರ ಸೆಳೆತ, ಭೂಮಿ ಪೂರ್ತಿ ದುಂಡಗಿಲ್ಲದಿರುವುದು, ಇವೆಲ್ಲ ಬೇರೆ. ಉಪಗ್ರಹವನ್ನು ಇಟ್ಟಲ್ಲಿ ಇರುವ ಸಾಮಾನಿನಂತೆ ವಿವರಿಸಿದ್ದು ಪೂರಾ ತಪ್ಪು. ಬೋಟಿನವರಿಗೆ ಇದು ಪುಸ್ತಕದ ಮಾತಲ್ಲ. ನೀರಿನೊಳಗೆ ಬಂಡೆ ಇರುವ ಕಡೆಗಳನ್ನು ಅವರು ಜಿಪಿಎಸ್‌ನಲ್ಲಿ ಗುರುತು ಹಾಕಿಟ್ಟಿರುತ್ತಾರೆ. ಆ ಗುರುತು 300 ಮೀಟರ್ ಆಚೀಚೆಯಾದರೆ ಬಲೆ ಹರಿಯುತ್ತದೆ.

ಮರುದಿನ ಮೊದಲ ಕೆಲಸವಾಗಿ "ನಿನ್ನೆ ನಾನು ಹೇಳಿದ್ದು ತಪ್ಪು, ಆ ಸಾಲನ್ನು ಹೊಡೆದುಹಾಕಿ" ಎಂದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಹೊಡೆದುಹಾಕಿದ ಜಾಗದಲ್ಲಿ ಏನು ಬರೆಯಬೇಕು ಎಂದು ಒಬ್ಬಳು ಕೇಳಿದಳು. ಸದ್ಯಕ್ಕೆ ಖಾಲಿ ಬಿಡಿ, ಮೈದಾನಕ್ಕೆ ಹೋಗೋಣ ಎಂದೆ.

ಮೊದಲು ಒಂದು ಕಥೆ

ಮೈದಾನಕ್ಕೆ ಹೋಗುವ ಮುಂಚೆ ಹತ್ತು ನಿಮಿಷ ಸ್ಪುಟ್ನಿಕ್ ಕಥೆ ಹೇಳಿದೆ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಮೊದಲ ಕೃತಕ ಉಪಗ್ರಹವನ್ನು ಹಾರಿಸಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿದ್ದ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಎಂಬ ಇಬ್ಬರು ಯುವ ವಿಜ್ಞಾನಿಗಳು ಅದರ ಬೀಪ್ ಬೀಪ್ ಸದ್ದನ್ನು ಹಿಡಿದು ಕೇಳಿದರು. ಉಪಗ್ರಹ ಹತ್ತಿರ ಬರುವಾಗ ಸಂಕೇತದ ಆವೃತ್ತಿ ಸ್ವಲ್ಪ ಏರಿ, ದಾಟಿಹೋದ ಮೇಲೆ ಇಳಿಯುತ್ತಿತ್ತು. ಕೊಂಕಣ ರೈಲಿನ ಹಾರ್ನ್ ಅಸ್ನೋಟಿ ಕಡೆಯ ಮಕ್ಕಳಿಗೆ ದಿನವೂ ಇದೇ ಪಾಠ ಹೇಳುತ್ತದೆ. ಗಾಡಿ ಎದುರಿನಿಂದ ಬರುವಾಗ ಒಂದು ಸ್ವರ, ದಾಟಿದೊಡನೆ ಇಳಿದ ಸ್ವರ. ಒಬ್ಬ ಹುಡುಗ ಅದನ್ನು ಬಾಯಲ್ಲೇ ಮಾಡಿ ತೋರಿಸಿದ. ಡಾಪ್ಲರ್ ಪರಿಣಾಮಕ್ಕೆ ಬೇರೆ ಬೋಧನೋಪಕರಣ ಬೇಕಾಗಲಿಲ್ಲ.

ಆವೃತ್ತಿಯ ಈ ಏರಿಳಿತದಿಂದ ಆ ಇಬ್ಬರು ಸ್ಪುಟ್ನಿಕ್‌ನ ಕಕ್ಷೆಯನ್ನೇ ಲೆಕ್ಕ ಹಾಕಿದರು. ತಾವು ಎಲ್ಲಿ ಕೂತಿದ್ದೇವೆ ಎಂದು ಅವರಿಗೆ ಗೊತ್ತಿತ್ತು, ಉಪಗ್ರಹ ಎಲ್ಲಿದೆ ಎಂದು ಕಂಡುಹಿಡಿದರು. 1958ರಲ್ಲಿ ಅವರ ಹಿರಿಯ ಸಹೋದ್ಯೋಗಿ ಫ್ರಾಂಕ್ ಮೆಕ್ಲೂರ್ ಲೆಕ್ಕವನ್ನು ತಿರುಗಿಸಿ ಹಾಕುವ ಸೂಚನೆ ಕೊಟ್ಟರು. ಉಪಗ್ರಹ ಎಲ್ಲಿದೆ ಎಂದು ಗೊತ್ತಿದ್ದರೆ ಕೇಳುವವನು ಎಲ್ಲಿದ್ದಾನೆ ಎಂದು ಹೇಳಬಹುದಲ್ಲ? ಜಿಪಿಎಸ್‌ಗಿಂತ ಮುಂಚಿನ ಟ್ರಾನ್ಸಿಟ್ ಎಂಬ ವ್ಯವಸ್ಥೆ ಹುಟ್ಟಿದ್ದು ಈ ಸೂಚನೆಯಿಂದ.

ನಮ್ಮ ಹುಡುಗ ಕೇಳಿದ್ದು ಚರಿತ್ರೆಯಲ್ಲೇ ಮೊದಲು ಬಂದ ಪ್ರಶ್ನೆ. ಉಪಗ್ರಹವನ್ನು ಹುಡುಕುವುದು ಮೊದಲು, ಉಪಗ್ರಹದಿಂದ ನಮ್ಮನ್ನು ಹುಡುಕುವುದು ಆಮೇಲೆ. ನಮ್ಮ ಪಾಠಗಳಲ್ಲಿ ಎರಡನೆಯದನ್ನು ಮಾತ್ರ ಹೇಳಿ ಮುಗಿಸುತ್ತೇವೆ.

ಮೈದಾನದಲ್ಲಿ

ಧ್ವಜಸ್ತಂಭಕ್ಕೆ ಹಗ್ಗ ಕಟ್ಟುವುದು ಬೇಡ ಎಂದು ದೈಹಿಕ ಶಿಕ್ಷಕರು ಹೇಳಿದ್ದರಿಂದ ಮೈದಾನದ ನಡುವೆ ಒಂದು ಗೂಟ ಹೊಡೆದೆವು. ಅದು ಭೂಮಿ. ಅದಕ್ಕೆ 12 ಮೀಟರ್ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟೆ. ಅವಳು ಉಪಗ್ರಹ. ಹಗ್ಗವನ್ನು ಬಿಗಿಯಾಗಿ ಹಿಡಿದು ಚಪ್ಪಾಳೆಯ ತಾಳಕ್ಕೆ ಸಮ ಹೆಜ್ಜೆ ಹಾಕುತ್ತ ಅರ್ಧ ವೃತ್ತ ನಡೆಯಬೇಕು, ಎಂಟು ಕಡೆ ನಿಲ್ಲಬೇಕು. ಹಗ್ಗದ ಉದ್ದ ಎಷ್ಟು ಎಂದು ನನ್ನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಮೈದಾನದ ಮೂರು ಮೂಲೆಗಳಲ್ಲಿ ಮೂರು ತಂಡ. ಇವು ನೆಲದ ಮೇಲಿನ ವೀಕ್ಷಣಾ ಕೇಂದ್ರಗಳು. ಅವುಗಳ ಜಾಗವನ್ನು ಹಿಂದಿನ ಸಂಜೆಯೇ ಅಳೆದು ಗ್ರಾಫ್ ಹಾಳೆಯಲ್ಲಿ 1 ಸೆಂ.ಮೀ.ಗೆ 2 ಮೀಟರ್ ಪ್ರಮಾಣದಲ್ಲಿ ಗುರುತಿಸಿದ್ದೆವು. ಎರಡು ತಂಡಗಳಿಗೆ ಮೀಟರಿಗೊಂದು ಗಂಟು ಹಾಕಿದ ಹಗ್ಗ. ಗಂಟುಗಳ ನಡುವಿನ ಭಾಗವನ್ನು ಕಣ್ಣಳತೆಯಲ್ಲಿ ಹೇಳಬೇಕು. ಮೂರನೆಯದಕ್ಕೆ ಶಾಲೆಯ ಅಳತೆ ಟೇಪು. ಉಪಗ್ರಹ ನಿಂತ ಪ್ರತಿ ಕಡೆಗೂ ಮೂರು ತಂಡಗಳೂ ದೂರ ಅಳೆದು ಬರೆದುಕೊಂಡವು. ಒಟ್ಟು 24 ಅಳತೆ.

ತರಗತಿಗೆ ಬಂದು ಕೈವಾರದಿಂದ ಕಂಸಗಳನ್ನು ಎಳೆದಾಗ ಮೂರು ಕಂಸಗಳು ಎಲ್ಲಿಯೂ ಒಂದೇ ಬಿಂದುವಿನಲ್ಲಿ ಸೇರಲಿಲ್ಲ. ಪ್ರತಿ ಕಡೆ ಒಂದು ಸಣ್ಣ ತ್ರಿಕೋನ. ಮಕ್ಕಳಿಗೆ ಬೇಸರವಾಯಿತು, ನನಗೆ ಒಳಗೊಳಗೇ ಖುಷಿಯಾಯಿತು, ಏಕೆಂದರೆ ಪಾಠ ಇರುವುದು ಆ ತ್ರಿಕೋನದಲ್ಲೇ. ಸ್ವಲ್ಪ ಹೊತ್ತಿಗೆ ಒಬ್ಬಳು ಗಮನಿಸಿದಳು: ಗಂಟು ಹಗ್ಗದವರ ಕಂಸಗಳು ಒಮ್ಮೆ ಆಚೆ, ಒಮ್ಮೆ ಈಚೆ ಬೀಳುತ್ತವೆ, ಟೇಪಿನವರ ಕಂಸ ಮಾತ್ರ ಪ್ರತಿಸಲವೂ ಆಚೆಗೇ ಬೀಳುತ್ತದೆ. ಟೇಪು ತರಿಸಿ ನೋಡಿದರೆ ಅದರ ಮೊದಲ 50 ಸೆಂ.ಮೀ. ಹರಿದುಹೋಗಿತ್ತು! ತುದಿ ಹಿಡಿದು ಅಳೆದವರು ಎಲ್ಲ ದೂರಗಳನ್ನೂ ಅರ್ಧ ಮೀಟರ್ ಹೆಚ್ಚಾಗಿಯೇ ಓದಿದ್ದರು.

ಇದನ್ನು ನಾನು ಯೋಜಿಸಿರಲಿಲ್ಲ. ಆದರೆ ಗಡಿಯಾರದ ದೋಷವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಗುತ್ತಿರಲಿಲ್ಲ. ಉಪಗ್ರಹ ಸಂಚಾರ ವ್ಯವಸ್ಥೆಯಲ್ಲಿ ದೂರ ಎಂದರೆ ಸಮಯ. ಗಡಿಯಾರ ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಷ್ಟು ತಪ್ಪಿದರೆ ದೂರದಲ್ಲಿ 30 ಸೆಂ.ಮೀ. ತಪ್ಪುತ್ತದೆ. ಹರಿದ ಟೇಪಿನಂತೆ, ತಪ್ಪಿದ ಗಡಿಯಾರವೂ ಎಲ್ಲ ದೂರಗಳಿಗೆ ಒಂದೇ ಮೊತ್ತವನ್ನು ಸೇರಿಸುತ್ತದೆ. ಒಂದೇ ಮೊತ್ತವಾದ್ದರಿಂದಲೇ ಅದನ್ನು ಹಿಡಿಯಬಹುದು. ಮೊಬೈಲ್ ಫೋನಿಗೆ ಮೂರರ ಬದಲು ನಾಲ್ಕು ಉಪಗ್ರಹ ಬೇಕಾಗುವುದೂ ಇದಕ್ಕೇ. ನಾಲ್ಕನೆಯ ಅಳತೆ ಫೋನಿನ ಗಡಿಯಾರದ ತಪ್ಪನ್ನು ಕಂಡುಹಿಡಿಯಲು ಖರ್ಚಾಗುತ್ತದೆ. ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ. ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೆಟ್ಟ ಸುದ್ದಿ 2017ರಲ್ಲಿ ಬಂದಿತ್ತು. ಆ ಉಪಗ್ರಹ ಆಕಾಶದಲ್ಲಿ ಇದ್ದೂ ಸ್ಥಾನ ಹೇಳುವ ಕೆಲಸಕ್ಕೆ ಇಲ್ಲದಂತಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ಮಾಡಿದ ಪರಮಾಣು ಗಡಿಯಾರವಿದೆ.

50 ಸೆಂ.ಮೀ. ಕಳೆದು ಮತ್ತೆ ಕಂಸ ಎಳೆದೆವು. ತ್ರಿಕೋನಗಳು ಚಿಕ್ಕವಾದವು, ಹೋಗಲಿಲ್ಲ. ಪ್ರತಿ ತ್ರಿಕೋನದ ನಡುವೆ ಒಂದು ಚುಕ್ಕಿ ಇಟ್ಟೆವು. ಎಂಟು ಚುಕ್ಕಿಗಳನ್ನು ಗೆರೆ ಎಳೆದು ಸೇರಿಸಿದರೆ ಕುಡಿದವನ ನಡಿಗೆಯಂತೆ ಕಂಡಿತು. "ಉಪಗ್ರಹ ಹೀಗೆ ಹೋಗಲು ಸಾಧ್ಯವೇ?" ಎಂದು ಕೇಳಿದೆ. ಇಲ್ಲ, ಹಗ್ಗ ಕಟ್ಟಿತ್ತಲ್ಲ ಎಂದರು.

ಇದೇ ಇಡೀ ವಿಷಯದ ಕೀಲಿ. ಹಗ್ಗ ಎಂದರೆ ಇಲ್ಲಿ ಗುರುತ್ವಾಕರ್ಷಣೆಯ ನಿಯಮ. ಉಪಗ್ರಹ ಮನಬಂದಂತೆ ಅಲೆಯುವುದಿಲ್ಲ. ಒಂದು ಕ್ಷಣದ ಅದರ ಸ್ಥಾನಕ್ಕೆ ಮೂರು ಸಂಖ್ಯೆ, ವೇಗಕ್ಕೆ ಮೂರು ಸಂಖ್ಯೆ, ಈ ಆರು ಸಂಖ್ಯೆ ಮತ್ತು ಅದರ ಮೇಲಿನ ಬಲಗಳು ಗೊತ್ತಾದರೆ ಮುಂದಿನ ಹಾದಿಯನ್ನು ನ್ಯೂಟನ್ ನಿಯಮಗಳೇ ಬರೆದುಕೊಡುತ್ತವೆ. ನಮ್ಮ ಮೈದಾನದಲ್ಲಿ ಗೊತ್ತಿಲ್ಲದವು ಮೂರೇ: ತ್ರಿಜ್ಯ, ಹೊರಟ ಜಾಗ, ನಡಿಗೆಯ ಜವ. ಅಳತೆಗಳು 24. ಒಂದೊಂದು ಅಳತೆಯೂ ಸ್ವಲ್ಪ ಸುಳ್ಳು ಹೇಳುತ್ತದೆ, ಆದರೆ 24 ಅಳತೆಗಳು ಸೇರಿ ಒಂದೇ ಬಗೆಯ ಸುಳ್ಳು ಹೇಳುವುದು ಕಷ್ಟ. ಕೇಂದ್ರದಿಂದ ಎಂಟು ಚುಕ್ಕಿಗಳ ದೂರ ಅಳೆದು ಸರಾಸರಿ ತೆಗೆದಾಗ ತ್ರಿಜ್ಯ 11.8 ಮೀಟರ್ ಬಂತು. ಬಿಡಿ ಚುಕ್ಕಿಗಳಲ್ಲಿ ಒಂದೊಂದು ಮುಕ್ಕಾಲು ಮೀಟರಿನಷ್ಟು ತಪ್ಪಿದ್ದವು. ಹಗ್ಗದ ನಿಜವಾದ ಉದ್ದ ಹೇಳಿದಾಗ ತರಗತಿಯಲ್ಲಿ ಗಲಾಟೆಯೇ ಆಯಿತು. ಸರಾಸರಿ ಎಂಬುದು ಪರೀಕ್ಷೆಗೆ ಬರುವ ಲೆಕ್ಕ ಮಾತ್ರವಲ್ಲ ಎಂದು ಅವರಿಗೆ ಅನ್ನಿಸಿದ್ದು ಬಹುಶಃ ಅಂದೇ.

ನಿಜವಾದ ಕೆಲಸ ಎಲ್ಲಿ ನಡೆಯುತ್ತದೆ

ಜಿಪಿಎಸ್‌ನ ವೀಕ್ಷಣಾ ಕೇಂದ್ರಗಳು ಭೂಮಿಯ ಸುತ್ತ ಹರಡಿವೆ. ಅವುಗಳಲ್ಲಿ ಒಂದು ಹಿಂದೂ ಮಹಾಸಾಗರದ ಡಿಯಾಗೊ ಗಾರ್ಸಿಯಾ ದ್ವೀಪದಲ್ಲಿದೆ. ಅವು ಅಳೆದ ದೂರಗಳಿಂದ ಅಮೆರಿಕದ ಕೊಲೊರಾಡೊದ ನಿಯಂತ್ರಣ ಕೇಂದ್ರ ಪ್ರತಿ ಉಪಗ್ರಹದ ಕಕ್ಷೆಯನ್ನು ಲೆಕ್ಕಹಾಕಿ, ಮುಂದೆ ಅದು ಎಲ್ಲಿರುತ್ತದೆ ಎಂಬ ಮುನ್ಸೂಚನೆಯನ್ನು ಉಪಗ್ರಹಕ್ಕೇ ಕಳಿಸುತ್ತದೆ. ಉಪಗ್ರಹ ಅದನ್ನೇ ತನ್ನ ಸಂಕೇತದಲ್ಲಿ ಸಾರುತ್ತದೆ. ಹುಡುಗನ ಪ್ರಶ್ನೆಗೆ ನೇರ ಉತ್ತರ ಇದು: ನೆಲದವರು ಹೇಳುತ್ತಾರೆ, ಅದು ನಮಗೆ ಒಪ್ಪಿಸುತ್ತದೆ. ಹೀಗೆ ಸಾರಿದ ಕಕ್ಷೆಯಲ್ಲಿ ಸುಮಾರು ಒಂದು ಮೀಟರ್ ತಪ್ಪಿರುತ್ತದೆ. ಬೋಟಿಗೆ ಧಾರಾಳವಾಗಿ ಸಾಕು.

ವಿಜ್ಞಾನಿಗಳಿಗೆ ಸಾಲದು. 1994ರಿಂದ ಕೆಲಸ ಮಾಡುತ್ತಿರುವ ಅಂತರರಾಷ್ಟ್ರೀಯ ಸೇವೆಯೊಂದು (ಐಜಿಎಸ್ ಎನ್ನುತ್ತಾರೆ) ಜಗತ್ತಿನ 400ಕ್ಕೂ ಹೆಚ್ಚು ಕೇಂದ್ರಗಳ ಅಳತೆಗಳನ್ನು ಒಟ್ಟುಗೂಡಿಸಿ, ಎರಡು ವಾರದ ಹೊತ್ತಿಗೆ, ಉಪಗ್ರಹ ಎಲ್ಲಿತ್ತು ಎಂಬುದನ್ನು ಸುಮಾರು 2.5 ಸೆಂ.ಮೀ. ನಿಖರತೆಯಲ್ಲಿ ಹೇಳುತ್ತದೆ. ಆ ಜಾಲದ ಒಂದು ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ.

20,000 ಕಿ.ಮೀ. ದೂರದ ವಸ್ತುವನ್ನು ಎರಡೂವರೆ ಸೆಂ.ಮೀ.ಗೆ ಹಿಡಿಯುವುದು ಹೇಗೆ? ಮತ್ತೆ ಗಂಟಿನ ಹಗ್ಗಕ್ಕೇ ಬಂದೆ. ಜಿಪಿಎಸ್‌ನ ಒಂದು ಸಂಕೇತದ ಆವೃತ್ತಿ 1575.42 ಮೆಗಾಹರ್ಟ್ಸ್, ಅಂದರೆ ತರಂಗಾಂತರ ಸುಮಾರು 19 ಸೆಂ.ಮೀ. (ಶಬ್ದ ಘಟಕದ ವೇಗ = ಆವೃತ್ತಿ × ತರಂಗಾಂತರ ಸೂತ್ರದಿಂದ ಮಕ್ಕಳೇ ತೆಗೆದರು.) ಇದು 19 ಸೆಂ.ಮೀ.ಗೊಂದು ಗಂಟಿರುವ ಹಗ್ಗ. ಎರಡು ಗಂಟುಗಳ ನಡುವೆ ಎಲ್ಲಿದ್ದೇವೆ ಎಂಬುದನ್ನು ಒಳ್ಳೆಯ ರಿಸೀವರ್ ಕೆಲವು ಮಿಲಿಮೀಟರ್‌ಗೆ ಹೇಳಬಲ್ಲದು. ತೊಂದರೆ ಏನೆಂದರೆ ಗಂಟುಗಳ ಮೇಲೆ ನಂಬರ್ ಇಲ್ಲ. ಎಷ್ಟನೆಯ ಗಂಟು ಎಂದು ಹೊರಗಿನಿಂದ ತಿಳಿಯುವುದಿಲ್ಲ. ಉಪಗ್ರಹ ಚಲಿಸುತ್ತಿರುವಾಗ ಸತತವಾಗಿ ಗಂಟುಗಳನ್ನು ಎಣಿಸುತ್ತ, ಬೇರೆ ಬೇರೆ ಕೇಂದ್ರಗಳ ಎಣಿಕೆಗಳು ಒಂದಕ್ಕೊಂದು ಹೊಂದುವ ಪೂರ್ಣಸಂಖ್ಯೆಯನ್ನು ಹುಡುಕುತ್ತಾರೆ. ಅಯಾನುಗೋಳ ಸಂಕೇತದ ಸಮಯವನ್ನು ಕೆಡಿಸುತ್ತದೆ, ಭೂಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವ ನಮ್ಮಂಥ ಕಡೆ ಇನ್ನೂ ಹೆಚ್ಚು. ಆ ತಪ್ಪು ಆವೃತ್ತಿಯ ವರ್ಗಕ್ಕೆ ವಿಲೋಮವಾಗಿರುವುದರಿಂದ ಎರಡು ಆವೃತ್ತಿಗಳಲ್ಲಿ ಅಳೆದು ಹೋಲಿಸಿದರೆ ಅದನ್ನು ಬಹುಪಾಲು ಕಳೆಯಬಹುದು. ಇದನ್ನು ಮಕ್ಕಳಿಗೆ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದೆ.

ಗೂಟಗಳು ಹತ್ತಿರವಾದಾಗ

ಮೂರನೇ ಅವಧಿಗೆ ಬಂದ ಪರಿವೀಕ್ಷಕರು ಹಿಂದೆ ಕೂತು ಎಲ್ಲ ಕೇಳಿ, ಹೋಗುವಾಗ ನನಗೊಂದು ಪ್ರಶ್ನೆ ಹಾಕಿದರು: "ಮೂರು ತಂಡಕ್ಕೂ ಅದೇ ಹರಿದ ಟೇಪು ಕೊಟ್ಟಿದ್ದರೆ ತಪ್ಪು ಗೊತ್ತಾಗುತ್ತಿತ್ತೇ? ಮೂರೂ ಗೂಟ ಒಂದೇ ಕಡೆ ಇದ್ದಿದ್ದರೆ?" ಮರುದಿನ ಅದನ್ನೇ ಮಾಡಿದೆವು. ಮೂರು ಗೂಟಗಳನ್ನು ಒಟ್ಟು 1 ಮೀಟರ್ ಅಗಲದೊಳಗೆ ಹೊಡೆದು, ಉಪಗ್ರಹವನ್ನು 12 ಮೀಟರ್ ದೂರದಲ್ಲಿ ನಿಲ್ಲಿಸಿ, ಮೂರು ಕಡೆಯಿಂದಲೂ ಹರಿದ ಟೇಪಿನಿಂದಲೇ ಅಳೆದೆವು.

ಈ ಸಲ ಕಂಸಗಳಲ್ಲಿ ಜಗಳವಿಲ್ಲ. ಮೂರೂ ಒಂದರ ಮೇಲೊಂದು ಮಲಗಿದವು, ಆದರೆ 12ರ ಬದಲು 12.5 ಮೀಟರ್ ದೂರದಲ್ಲಿ. ಎಲ್ಲರೂ ಒಮ್ಮತದಿಂದ ತಪ್ಪು ಹೇಳಿದಂತಾಯಿತು. ಟೇಪಿನ ದೋಷ ಯಾವುದು, ನಿಜವಾದ ದೂರ ಯಾವುದು ಎಂದು ಬೇರ್ಪಡಿಸಲು ದಾರಿಯೇ ಇರಲಿಲ್ಲ. ಇನ್ನೂ ಒಂದು ಎಡವಟ್ಟು: ಕಂಸಗಳು ಒಂದನ್ನೊಂದು ಸವರಿಕೊಂಡು ಹೋಗುವುದರಿಂದ ಅವು ಎಲ್ಲಿ ಕತ್ತರಿಸುತ್ತವೆ ಎಂದು ಹೇಳುವುದು ಕಷ್ಟ. ಅಳತೆಯಲ್ಲಿ 10 ಸೆಂ.ಮೀ. ವ್ಯತ್ಯಾಸವಾದರೆ ಅಡ್ಡ ದಿಕ್ಕಿನಲ್ಲಿ ಸ್ಥಾನ 12 ಪಟ್ಟು, ಅಂದರೆ 1.2 ಮೀಟರ್ ಜರುಗುತ್ತದೆ.

12 ಮತ್ತು 1 ಎಂಬ ಸಂಖ್ಯೆಗಳನ್ನು ಬೇಕೆಂದೇ ಆರಿಸಿದ್ದೆ. ನಾವಿಕ್ ವ್ಯವಸ್ಥೆ ಏಳು ಉಪಗ್ರಹಗಳೊಂದಿಗೆ 2016ರ ಏಪ್ರಿಲ್‌ನಲ್ಲಿ ಪೂರ್ಣಗೊಂಡಿತು. ಮೂರು ಭೂಸ್ಥಿರ ಕಕ್ಷೆಯಲ್ಲಿ, ನಾಲ್ಕು ಅಷ್ಟೇ ಎತ್ತರದ ಓರೆ ಕಕ್ಷೆಗಳಲ್ಲಿ. ಎತ್ತರ ಸುಮಾರು 36,000 ಕಿ.ಮೀ. ನಮ್ಮ ದೇಶದ ಉದ್ದಗಲ ಸುಮಾರು 3,000 ಕಿ.ಮೀ. ಹನ್ನೆರಡಕ್ಕೆ ಒಂದು. ಜಿಪಿಎಸ್‌ನಂತೆ ಭೂಮಿಯ ಸುತ್ತ ಗೂಟ ಹೊಡೆಯುವ ಅನುಕೂಲ ಇಲ್ಲದೆ, ಹೆಚ್ಚಾಗಿ ದೇಶದೊಳಗಿನ ಕೇಂದ್ರಗಳಿಂದಲೇ ಕಕ್ಷೆ ಲೆಕ್ಕ ಹಾಕಬೇಕೆಂದರೆ ಎದುರಾಗುವುದು ಇದೇ ಕಷ್ಟ. ಅದರ ಮೇಲೆ ಭೂಸ್ಥಿರ ಉಪಗ್ರಹ ನೆಲದಿಂದ ನೋಡಿದರೆ ಕದಲುವುದೇ ಅಪರೂಪ. ನಮ್ಮ ಹುಡುಗಿ ಎಂಟು ಕಡೆ ನಡೆದು ಎಂಟು ಕೋನಗಳಿಂದ ಸಿಕ್ಕಳು. ಇದು ಒಂದೇ ಕೋನದಲ್ಲಿ ನಿಂತುಬಿಡುತ್ತದೆ.

ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ 2013ರ ಮೇ 28ರಂದು ಆರಂಭವಾದ ಇಸ್ರೊ ಸಂಚಾರ ಕೇಂದ್ರದಲ್ಲಿ ಈ ಕಕ್ಷೆ ಮತ್ತು ಗಡಿಯಾರದ ಲೆಕ್ಕ ನಡೆಯುತ್ತದೆ. ಉಪಗ್ರಹಗಳ ನಿಯಂತ್ರಣಕ್ಕೆ ಹಾಸನದಲ್ಲಿ ಕೇಂದ್ರವಿದೆ. ಉಪಗ್ರಹದ ಸಂಕೇತವನ್ನು ಕೇಳುವುದಷ್ಟೇ ಸಾಲದೆಂದು ಅಲ್ಲಿ ಇನ್ನೆರಡು ಉಪಾಯಗಳಿವೆ. ಒಂದು, ನೆಲದಿಂದ ಸಂಕೇತ ಕಳಿಸಿ ಉಪಗ್ರಹದಿಂದ ಮರಳಿ ಪಡೆಯುವುದು. ಹೋಗಿ ಬಂದ ಸಮಯವನ್ನು ನೆಲದ ಒಂದೇ ಗಡಿಯಾರ ಅಳೆಯುವುದರಿಂದ ಉಪಗ್ರಹದ ಗಡಿಯಾರದ ದೋಷ ದೂರದೊಳಗೆ ನುಸುಳುವುದಿಲ್ಲ. ಹರಿಯದ ಟೇಪಿನಿಂದ ಅಳೆದ ಹಾಗೆ. ಇನ್ನೊಂದು, ಉಪಗ್ರಹಕ್ಕೆ ಅಂಟಿಸಿದ ವಿಶೇಷ ಕನ್ನಡಿಗಳಿಗೆ ಲೇಸರ್ ಬೆಳಕು ಹೊಡೆದು ಅದು ಮರಳುವ ಸಮಯ ಅಳೆಯುವುದು. ಇದಕ್ಕೆ ಬೇರೆ ದೇಶಗಳ ಲೇಸರ್ ಕೇಂದ್ರಗಳ ಸಹಾಯವೂ ಇದೆ. ದೇಶದ ಹೆಮ್ಮೆ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸುವ ನಾವಿಕ್‌ನಲ್ಲಿ ನಿಜವಾಗಿ ಹೆಮ್ಮೆಪಡಬೇಕಾದ್ದು ಈ ಕಷ್ಟದ ರೇಖಾಗಣಿತ ಎಂದು ನನಗನ್ನಿಸುತ್ತದೆ. ಮಕ್ಕಳು ಅದನ್ನು ಸವರಿಕೊಂಡ ಕಂಸಗಳಲ್ಲಿ ಕಣ್ಣಾರೆ ಕಂಡರು.

ಮೇಲಿನದು ಕೆಳಗಿನದಕ್ಕೆ ದೀಪಸ್ತಂಭ

ಒಮ್ಮೆ ಸಂಚಾರ ಉಪಗ್ರಹಗಳ ಜಾಗ ಸರಿಯಾಗಿ ಗೊತ್ತಾದರೆ ಅವು ಆಕಾಶದ ದೀಪಸ್ತಂಭಗಳಾಗುತ್ತವೆ, ಬೋಟಿಗೆ ಮಾತ್ರವಲ್ಲ, ತಮಗಿಂತ ಕೆಳಗೆ ಹಾರುವ ಬೇರೆ ಉಪಗ್ರಹಗಳಿಗೂ. 1992ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಸೇರಿ ಹಾರಿಸಿದ ಟೋಪೆಕ್ಸ್/ಪೊಸೈಡಾನ್ ಉಪಗ್ರಹ 1,336 ಕಿ.ಮೀ. ಎತ್ತರದಿಂದ ಸಮುದ್ರದ ಮಟ್ಟವನ್ನು ಅಳೆಯುತ್ತಿತ್ತು. ರೇಡಾರ್ ಅಲೆ ಕೆಳಗೆ ಹೋಗಿ ಬಂದ ಸಮಯದಿಂದ ಅದಕ್ಕೆ ನೀರಿನವರೆಗಿನ ದೂರ ತಿಳಿಯುತ್ತದೆ. ಆದರೆ ತಾನೇ ಎಷ್ಟು ಎತ್ತರದಲ್ಲಿದ್ದೇನೆ ಎಂಬುದರಲ್ಲಿ 10 ಸೆಂ.ಮೀ. ತಪ್ಪಿದರೆ ಸಮುದ್ರವೂ 10 ಸೆಂ.ಮೀ. ತಪ್ಪುತ್ತದೆ. ಜಗತ್ತಿನ ಸಮುದ್ರ ಮಟ್ಟ ಏರುತ್ತಿರುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್. ಆ ಉಪಗ್ರಹದಲ್ಲಿ ಪ್ರಯೋಗಕ್ಕೆಂದು ಇಟ್ಟಿದ್ದ ಜಿಪಿಎಸ್ ರಿಸೀವರ್, ಅದರ ಎತ್ತರವನ್ನು ಎರಡು ಮೂರು ಸೆಂ.ಮೀ.ಗೆ ಹೇಳಬಹುದೆಂದು ತೋರಿಸಿಕೊಟ್ಟಿತು. 2025ರ ಜುಲೈ 30ರಂದು ಇಸ್ರೊ ಹಾರಿಸಿದ ನಿಸಾರ್ 747 ಕಿ.ಮೀ. ಎತ್ತರದಲ್ಲಿ ಸುತ್ತುತ್ತ 12 ದಿನಕ್ಕೊಮ್ಮೆ ಅದೇ ಹಾದಿಗೆ ಮರಳುತ್ತದೆ, ನೆಲ ಎಷ್ಟು ಕುಸಿದಿದೆ, ಎಷ್ಟು ಜಾರಿದೆ ಎಂದು ಹೋಲಿಸಿ ನೋಡಲು. ತನ್ನ ಹಾದಿಯೇ ನಿಖರವಾಗಿ ಗೊತ್ತಿಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ, ಆದ್ದರಿಂದ ಅದರಲ್ಲೂ ಜಿಪಿಎಸ್ ರಿಸೀವರ್ ಇದೆ. ಅಳಿವೆಯ ದಂಡೆಯ ಮಕ್ಕಳಿಗೆ ಸಮುದ್ರ ಮಟ್ಟದ ಉದಾಹರಣೆ ಹಿಡಿಸಿತು. ನಿಸಾರ್ ಬಗ್ಗೆ ಸಮಯ ಸಾಲಲಿಲ್ಲ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ಹೊಡೆದುಹಾಕಿದ ಸಾಲಿನ ಜಾಗದಲ್ಲಿ ನಿಮ್ಮ ಉತ್ತರ ಬರೆಯಿರಿ. 34 ಮಕ್ಕಳಲ್ಲಿ 21 ಮಂದಿ ನೆಲದ ಕೇಂದ್ರಗಳ ಮಾತನ್ನೂ ಕಕ್ಷೆಯ ನಿಯಮದ ಮಾತನ್ನೂ ಬರೆದಿದ್ದರು. ಒಂಬತ್ತು ಮಂದಿ ಕೇಂದ್ರಗಳನ್ನು ಮಾತ್ರ. ನಾಲ್ವರು ನನ್ನ ಹಳೆಯ ತಪ್ಪು ಉತ್ತರವನ್ನೇ ಮತ್ತೆ ಬರೆದಿದ್ದರು. ಒಮ್ಮೆ ಹೇಳಿದ್ದನ್ನು ಹೊಡೆಸುವುದು ಎಷ್ಟು ಕಷ್ಟ ಎಂದು ಆ ನಾಲ್ಕು ಪುಸ್ತಕಗಳು ತೋರಿಸಿದವು. ಆ ಮಕ್ಕಳೊಂದಿಗೆ ಮಧ್ಯಾಹ್ನದ ಬಿಡುವಿನಲ್ಲಿ ಕೂತೆ. ಇದೇ ಚಟುವಟಿಕೆ ಮಾಡಬೇಕೆಂದಿರುವ ಸಹಪಾಠಿಗಳಿಗೆ ಎರಡು ಮಾತು: ಗೂಟಗಳ ಜಾಗವನ್ನು ಹಿಂದಿನ ದಿನವೇ ಅಳೆದಿಡಿ. ಟೇಪು ಹರಿದಿದ್ದರೆ ಎಸೆಯಬೇಡಿ, ಒಂದು ತಂಡಕ್ಕೆ ಹೇಳದೆ ಕೊಡಿ.

ಕೊನೆಯ ದಿನ ಹಿಂದಿನ ಬೆಂಚಿನ ಹುಡುಗ ಮತ್ತೆ ಕೈ ಎತ್ತಿದ. "ಟೀಚರ್, ಕೆಳಗಿನ ಗೂಟ ಆದ್ರೂ ಅಲ್ಲಾಡೋದಿಲ್ವಾ?" ಈ ಸಲ ತಕ್ಷಣ ಬಾಯಿ ಬಿಡದೆ, ನಾಳೆ ಹೇಳುತ್ತೇನೆ ಎಂದೆ. ಮರುದಿನ ಹೋಗಿ ಹೇಳಿದೆ: ಅಲ್ಲಾಡುತ್ತದೆ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯದ ಕಡೆ ಸರಿಯುತ್ತಿದೆ. ಬೆಂಗಳೂರಿನ ಕೇಂದ್ರವೂ ಸರಿಯುತ್ತದೆ, ಸದಾಶಿವಗಡದ ಗುಡ್ಡವೂ ಸರಿಯುತ್ತದೆ. ಅದಕ್ಕೇ ಕೇಂದ್ರಗಳ ಜಾಗದ ಜೊತೆ ಅವು ಸರಿಯುವ ವೇಗವನ್ನೂ ಲೆಕ್ಕದಲ್ಲಿ ಹಿಡಿಯುತ್ತಾರೆ. ಹುಡುಗ ಬೆರಳು ಮಡಚಿ ಎಣಿಸಿದ. ಅಪ್ಪ ಜಿಪಿಎಸ್‌ನಲ್ಲಿ ಹಾಕಿಟ್ಟ ಬಂಡೆಯ ಗುರುತು 20 ವರ್ಷಕ್ಕೆ ಒಂದು ಮೀಟರ್ ತಪ್ಪುತ್ತದೆ ಹಾಗಾದರೆ ಎಂದ. ಹೌದು ಎಂದೆ. "ಅಷ್ಟರೊಳಗೆ ಬಲೆನೂ ಬೇರೆ ಬಂದಿರ್ತದೆ ಬಿಡಿ ಟೀಚರ್" ಎಂದು ಕೂತುಕೊಂಡ.